ಕಾಂಗೇಯವೋ ಗಾಂಗೇಯವೋ: ಓಲೆಕಟ್ಟು ಹೇಳುವ ಸಾಹಿತ್ಯ ಚರಿತ್ರೆ

1

ತಮಿಳುನಾಡಿನ ತಿರುಪ್ಪೂರು ಜಿಲ್ಲೆಯಲ್ಲಿರುವ ಕಾಂಗೇಯಂ ಎಂಬ ಊರಿನ ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯಬೇಕು? ಪ್ರಶ್ನೆ ಸಣ್ಣದೆಂದು ತೋರಬಹುದು. ತಮಿಳು ಲಿಪಿಯಲ್ಲಿ ಕಕಾರಕ್ಕೂ ಗಕಾರಕ್ಕೂ ಇರುವುದು ಒಂದೇ ಅಕ್ಷರ. ಕಣ್ಣಿಗೆ ಕಂಡಂತೆ ಬರೆದರೆ 'ಕಾಂಗೇಯಂ'. ಹೆಸರಿನ ಬೇರನ್ನು ಹಿಡಿದು ಬರೆದರೆ 'ಗಾಂಗೇಯ'. ಮೊದಲನೆಯದು ಎತ್ತುಗಳ ತಳಿಗೆ ಹೆಸರಾದ, ಎಣ್ಣೆ ಅಕ್ಕಿಗಳ ವ್ಯಾಪಾರವಿರುವ ಒಂದು ಪೇಟೆ. ಎರಡನೆಯದು ಕನ್ನಡದ ಓದುಗರನ್ನು ತಲಕಾಡಿನ ಗಂಗರ ಕಡೆಗೆ ನೇರವಾಗಿ ಒಯ್ಯುವ ಶಬ್ದ. ಕೊಂಗುನಾಡಿನ 24 ನಾಡುಗಳಲ್ಲಿ ಕಾಂಗೇಯನಾಡೂ ಒಂದು. ಗಂಗವಂಶದವರ ಆಳ್ವಿಕೆಯಿಂದ ಆ ಹೆಸರು ಬಂದಿರಬೇಕೆಂಬ ಊಹೆ ಹಳೆಯದು. ಊಹೆಯನ್ನು ಊಹೆಯೆಂದೇ ಇಟ್ಟುಕೊಳ್ಳೋಣ. ಒಂದು ಲಿಪಿಯಲ್ಲಿ ಮರೆಯಾದ ಸಂಬಂಧ ಇನ್ನೊಂದು ಲಿಪಿಯಲ್ಲಿ ಬರೆದ ಕೂಡಲೇ ಎದ್ದು ನಿಲ್ಲುತ್ತದೆ ಎಂಬಷ್ಟು ಮಾತು ಮಾತ್ರ ಸದ್ಯಕ್ಕೆ ಸಾಕು.

ಈ ವಾರ್ಷಿಕದ ಓದುಗರಿಗೆ ಇಂಥ ಅನುಭವ ಹೊಸತಲ್ಲ. ಒಂದೇ ಮನೆಯಲ್ಲಿ ಎರಡು ಮೂರು ಭಾಷೆ, ಒಂದೇ ಓಲೆಕಟ್ಟಿನಲ್ಲಿ ಎರಡು ಲಿಪಿ ನಮ್ಮ ಸೀಮೆಯ ನಿತ್ಯದ ಸಂಗತಿ. ಆದರೂ ನಮ್ಮ ಸಾಹಿತ್ಯ ಚರಿತ್ರೆಗಳು ಭಾಷೆಗೊಂದರಂತೆ ಬೇಲಿ ಹಾಕಿಕೊಂಡು ಬೆಳೆದಿವೆ. ಓಲೆಗಳಿಗೆ ಆ ಬೇಲಿ ಗೊತ್ತಿರಲಿಲ್ಲ. ಹೀಗಾಗಿ ಕೃತಿಯ ಚರಿತ್ರೆಯನ್ನು ಬರೆಯುವುದಕ್ಕೂ ಗ್ರಂಥದ ಚರಿತ್ರೆಯನ್ನು ಬರೆಯುವುದಕ್ಕೂ ಅಂತರವಿದೆ. ಕೃತಿ ಭಾಷೆಗೆ ಸೇರಿದ್ದು. ಗ್ರಂಥವಾದರೋ ಅದನ್ನು ಬರೆಸಿದವನಿಗೆ, ಕೊರೆದವನಿಗೆ, ಕಟ್ಟಿಟ್ಟ ಮನೆಗೆ, ಹುಳದಿಂದ ಕಾಪಾಡಿದ ಕೈಗೆ ಸೇರಿದ್ದು. ಕಾಂಗೇಯಂ ಸೀಮೆಗೆ ತಗಲಿದ ಎರಡು ಮೂರು ಓಲೆಕಟ್ಟುಗಳನ್ನೂ ಅವನ್ನು ಅಚ್ಚಿಗೆ ತಂದ ಸಾಹಿತ್ಯದ ಒಬ್ಬ ಅಧ್ಯಾಪಕರ ದುಡಿಮೆಯನ್ನೂ ಮುಂದಿಟ್ಟುಕೊಂಡು ಈ ಅಂತರವನ್ನು ವಿವೇಚಿಸುವುದು ಇಲ್ಲಿನ ಉದ್ದೇಶ.

2

ಆ ಅಧ್ಯಾಪಕರು ಉ. ವೇ. ಸ್ವಾಮಿನಾಥ ಅಯ್ಯರ್ (1855-1942). 1880ರಲ್ಲಿ ಕುಂಭಕೋಣದ ಸರಕಾರಿ ಕಾಲೇಜಿನಲ್ಲಿ ತಮಿಳು ಪಂಡಿತರಾಗಿ ಸೇರಿ, 1903ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಬಂದು, 1919ರಲ್ಲಿ ನಿವೃತ್ತರಾದವರು. 1887ರಲ್ಲಿ 'ಜೀವಕ ಚಿಂತಾಮಣಿ', 1889ರಲ್ಲಿ 'ಪತ್ತುಪ್ಪಾಟ್ಟು', 1892ರಲ್ಲಿ 'ಶಿಲಪ್ಪದಿಕಾರಂ', 1894ರಲ್ಲಿ 'ಪುರನಾನೂರು', 1898ರಲ್ಲಿ 'ಮಣಿಮೇಖಲೈ', 1924ರಲ್ಲಿ 'ಪೆರುಂಕಥೈ' ಅವರ ಸಂಪಾದನೆಯಲ್ಲಿ ಹೊರಬಂದವು. ಈ ಪಟ್ಟಿಯನ್ನು ತಮಿಳರು ಅಭಿಮಾನದಿಂದ ಒಪ್ಪಿಸುತ್ತಾರೆ, ಅದು ನ್ಯಾಯವಾದದ್ದೇ. ಪಟ್ಟಿಯ ಹಿಂದೆ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ.

ಅಯ್ಯರ್ ಅವರು ಕಲಿತದ್ದು ಮೀನಾಕ್ಷಿಸುಂದರಂ ಪಿಳ್ಳೆಯವರ ಕೈಕೆಳಗೆ, ಶೈವಮಠದ ಪರಿಸರದಲ್ಲಿ. ಕುಂಭಕೋಣದಲ್ಲಿ ಮುನ್ಸೀಫರಾಗಿದ್ದ ಸೇಲಂ ರಾಮಸ್ವಾಮಿ ಮೊದಲಿಯಾರರು ಅವರನ್ನು 'ಚಿಂತಾಮಣಿ ಓದಿದ್ದೀರಾ' ಎಂಬರ್ಥದ ಪ್ರಶ್ನೆ ಕೇಳುವವರೆಗೆ ಆ ಜೈನಕಾವ್ಯ ಅವರ ಓದಿನ ವಲಯದಲ್ಲೇ ಇರಲಿಲ್ಲ. ಓಲೆ ಸಿಕ್ಕಿದ ಮೇಲೂ ಅರ್ಥ ಬಿಡಲಿಲ್ಲ. ಆಗ ಅವರು ಹೋದದ್ದು ಊರಿನ ಜೈನರ ಮನೆಗಳಿಗೆ. ಪಂಡಿತರಿಗೆ ಅಪರಿಚಿತವಾಗಿದ್ದ ಕಾವ್ಯವನ್ನು ಅಲ್ಲಿ ಪಾರಾಯಣ ಮಾಡುತ್ತಿದ್ದರು. ಓದು ಮುಗಿದ ದಿನ ಮನೆಗೆ ತೋರಣ ಕಟ್ಟಿ ಹಬ್ಬ ಮಾಡುತ್ತಿದ್ದರು. 'ಎನ್ ಚರಿತ್ರಂ' ಎಂಬ ತಮ್ಮ ಆತ್ಮಕಥೆಯಲ್ಲಿ ಅಯ್ಯರ್ ಅವರು ಇದನ್ನೆಲ್ಲ ವಿವರವಾಗಿ ಬರೆದಿಟ್ಟಿದ್ದಾರೆ. ಕರಿವಲಂವಂದನಲ್ಲೂರಿನ ದೇವಸ್ಥಾನದಲ್ಲಿ ಇದ್ದ ಓಲೆಗಳನ್ನು ಶಾಸ್ತ್ರದ ಹೆಸರು ಹೇಳಿ ಅಗ್ನಿಗೆ ಹಾಕಿದ್ದನ್ನು ಕೇಳಿ ಅವರು ಸಂಕಟಪಟ್ಟದ್ದೂ ಅದರಲ್ಲಿಯೇ ಇದೆ.

ಈ ಎರಡು ಸಂಗತಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಒಂದು ಕಡೆ ಓಲೆಯೂ ಇದೆ, ಅದನ್ನು ಓದುವ ಸಮುದಾಯವೂ ಇದೆ. ಮತ್ತೊಂದು ಕಡೆ ಓಲೆ ಇದೆ, ಓದುವವರಿಲ್ಲ. ಆದ್ದರಿಂದ ಅದು ಪೂಜ್ಯವಾಯಿತು, ಪೂಜ್ಯವಾದ್ದರಿಂದ ಬೂದಿಯಾಯಿತು. ಹಸ್ತಪ್ರತಿಯ ನಾಶಕ್ಕೆ ಗೆದ್ದಲು, ತೇವ, ಬೆಂಕಿ ಎಂದು ಕಾರಣ ಹೇಳುವುದು ವಾಡಿಕೆ. ಅವೆಲ್ಲ ಕೊನೆಯ ಕಾರಣಗಳು. ಮೊದಲ ಕಾರಣ ಓದುವಿಕೆ ನಿಂತದ್ದು.

3

ಇನ್ನು ಕಾಂಗೇಯಂ ಸೀಮೆಗೆ ಬರೋಣ. 'ಶಿಲಪ್ಪದಿಕಾರಂ' ಕಾವ್ಯದ ಪ್ರಸಿದ್ಧ ವ್ಯಾಖ್ಯಾನಕಾರ ಅಡಿಯಾರ್ಕು ನಲ್ಲಾರ್. ಅವನು ಕೊಂಗುನಾಡಿನ ನಿರಂಬೈ ಎಂಬ ಊರಿನವನೆಂದು ಪ್ರಸಿದ್ಧಿ. ಆ ಊರನ್ನು ವಿಜಯಮಂಗಲದ ಬಳಿಯದೆಂದು ಗುರುತಿಸುತ್ತಾರೆ. ವಿಜಯಮಂಗಲ ಕಾಂಗೇಯಂಗೆ ಉತ್ತರದಲ್ಲಿದೆ, ಈಗ ಈರೋಡು ಜಿಲ್ಲೆಗೆ ಸೇರಿದೆ. ವ್ಯಾಖ್ಯಾನದ ಜೊತೆಯಲ್ಲಿ ಓಲೆಗಳಲ್ಲಿ ಉಳಿದುಬಂದ ಪದ್ಯವೊಂದು ಅವನಿಗೆ ಆಶ್ರಯ ಕೊಟ್ಟ ದೊರೆಯನ್ನು ಹೆಸರಿಸುತ್ತದೆ: ಪೊಪ್ಪಣ್ಣ ಗಾಂಗೇಯ. ತಮಿಳು ಲಿಪಿಯಲ್ಲಿ 'ಕಾಂಗೇಯ'. ಗಂಗ ಎಂಬ ವಂಶನಾಮ, ಅದರ ಹಿಂದೆ ಕನ್ನಡದ ಕಿವಿಗೆ ಮನೆಯದೆಂದೇ ಕೇಳುವ 'ಅಣ್ಣ'. ಚೇರ ರಾಜಕುಮಾರನೆಂದು ಪ್ರತೀತಿಯಿರುವ ಇಳಂಗೋ ಅಡಿಗಳ ಕಾವ್ಯಕ್ಕೆ, ಕೊಂಗುನಾಡಿನ ತಮಿಳು ವಿದ್ವಾಂಸ, ಗಂಗಕುಲದ ಹೆಸರು ಹೊತ್ತ ಒಬ್ಬ ಒಡೆಯನ ಅನ್ನ ಉಂಡು ಬರೆದ ವ್ಯಾಖ್ಯಾನ ಇದು. ಮಲಯಾಳಂ, ತಮಿಳು, ಕನ್ನಡ ಎಂಬ ನಮ್ಮ ಇಂದಿನ ಮೂರು ಕೋಣೆಗಳಲ್ಲಿ ಈ ಗ್ರಂಥವನ್ನು ಯಾವುದರಲ್ಲಿಡೋಣ?

ವ್ಯಾಖ್ಯಾನ ಪೂರ್ತಿಯಾಗಿ ಉಳಿದಿಲ್ಲ. ಚೇರನಾಡಿನ ಕಥೆ ಬರುವ ವಂಚಿಕಾಂಡಕ್ಕೆ ಅಡಿಯಾರ್ಕು ನಲ್ಲಾರನ ಮಾತು ನಮಗೆ ದೊರೆತಿಲ್ಲ. ದೊರೆತ ಭಾಗದಲ್ಲಿ ಸಂಗೀತ, ನಾಟ್ಯಗಳ ಬಗ್ಗೆ ಅವನು ಕೊಡುವ ವಿವರ ಅಪಾರ. ತಾನು ಆಧಾರವಾಗಿಟ್ಟುಕೊಂಡ ಶಾಸ್ತ್ರಗ್ರಂಥಗಳನ್ನು ಅವನು ಹೆಸರಿಸುತ್ತಾನೆ. ಅವುಗಳಲ್ಲಿ ಒಂದು 'ಪಂಚಮರಬು'. ಬಹುಕಾಲ ಹೆಸರಾಗಿ ಮಾತ್ರ ಉಳಿದಿದ್ದ ಈ ಗ್ರಂಥವನ್ನು 1970ರ ದಶಕದಲ್ಲಿ ಕೊಂಗುನಾಡಿನವರೇ ಆದ ವಿದ್ವಾನ್ ವೇ. ರಾ. ದೈವಶಿಖಾಮಣಿ ಗೌಂಡರ್ ಅವರು ಓಲೆಯಿಂದ ಅಚ್ಚಿಗೆ ತಂದರು. ವ್ಯಾಖ್ಯಾನಕಾರ ನೆಲೆಸಿದ ಸೀಮೆಯವರ ಕೈಯಿಂದಲೇ ಅವನ ಆಧಾರಗ್ರಂಥವೂ ಹೊರಬಂದದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಗ್ರಂಥಗಳು ಒಂಟಿಯಾಗಿ ಬದುಕುವುದಿಲ್ಲ. ಒಂದು ಸೀಮೆಯ ವಿದ್ಯೆಯ ಬಳಗವಾಗಿ ಬದುಕುತ್ತವೆ. ಒಂದರ ಸುಳಿವು ಸಿಕ್ಕಿದಲ್ಲಿ ಅದರ ಒಡಹುಟ್ಟನ್ನು ಹುಡುಕಬೇಕು.

4

ಎರಡನೆಯ ಕಟ್ಟು 'ಪೆರುಂಕಥೈ'. ವಿಜಯಮಂಗಲದವನೆಂದು ಪರಂಪರೆ ಹೇಳುವ ಕೊಂಗುವೇಳಿರ್ ಎಂಬ ಜೈನಕವಿ ಇದರ ಕರ್ತೃ. ಉದಯನ ಮತ್ತು ಅವನ ಮಗ ನರವಾಹನದತ್ತನ ಕಥೆ. ಹೆಸರಿನ ಅರ್ಥ 'ದೊಡ್ಡ ಕಥೆ', ಎಂದರೆ ಗುಣಾಢ್ಯನ 'ಬೃಹತ್ಕಥೆ'ಯ ನೇರ ಅನುವಾದ. ಪೈಶಾಚಿಯಲ್ಲಿದ್ದ ಗುಣಾಢ್ಯನ ಮೂಲ ಲೋಕಕ್ಕೆ ಇಲ್ಲವಾಗಿದೆ.

ಇಲ್ಲಿ ಕನ್ನಡಿಗರು ಕಿವಿ ನಿಮಿರಿಸಬೇಕು. ಗಂಗರ ದೊರೆ ದುರ್ವಿನೀತನು ವಡ್ಡಕಥೆಯನ್ನು ದೇವಭಾರತಿಗೆ, ಅಂದರೆ ಸಂಸ್ಕೃತಕ್ಕೆ, ತಂದನೆಂದು ಕೋಲಾರ ಸೀಮೆಯ ಗುಮ್ಮರೆಡ್ಡಿಪುರದ ತಾಮ್ರಪಟ ಹೇಳುತ್ತದೆ. ಶಬ್ದಾವತಾರವನ್ನು ಬರೆದವನು, ಕಿರಾತಾರ್ಜುನೀಯದ 15ನೆಯ ಸರ್ಗಕ್ಕೆ ಟೀಕೆ ಮಾಡಿದವನು ಎಂಬ ಹೊಗಳಿಕೆಯೂ ಅದರಲ್ಲಿದೆ. 'ಕವಿರಾಜಮಾರ್ಗ' ಕನ್ನಡದ ಗದ್ಯಕಾರರನ್ನು ಎಣಿಸುವಾಗ ಹೇಳುವ ದುರ್ವಿನೀತ ಇವನೇ ಎಂದು ಬಹುಮಂದಿ ಒಪ್ಪುತ್ತಾರೆ. ಅವನ ವಡ್ಡಕಥೆಯ ಒಂದೇ ಒಂದು ಗರಿ ಕನ್ನಡನಾಡಿನಲ್ಲಿ ಸಿಕ್ಕಿಲ್ಲ. ಕೊಂಗುವೇಳಿರ್ ಆಧಾರವಾಗಿಟ್ಟುಕೊಂಡದ್ದು ದುರ್ವಿನೀತನ ಗ್ರಂಥವನ್ನೇ ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಅದು ನಿಜವಾದರೆ, ಕನ್ನಡನಾಡಿನ ದೊರೆಯೊಬ್ಬನು ಸಂಸ್ಕೃತದಲ್ಲಿ ಬರೆದ ಗ್ರಂಥದ ನೆರಳು ಉಳಿದಿರುವುದು ತಮಿಳಿನಲ್ಲಿ, ಕೊಂಗುನಾಡಿನ ಓಲೆಯಲ್ಲಿ. ಆ ಓಲೆಯ ಸ್ಥಿತಿಯಾದರೂ ಎಂಥದು? ಅಯ್ಯರ್ ಅವರಿಗೆ ದೊರೆತ ಕಾವ್ಯಕ್ಕೆ ಆದಿಯಿಲ್ಲ, ಅಂತ್ಯವಿಲ್ಲ. ಕಥೆ ನಡುವೆ ಆರಂಭವಾಗಿ ನಡುವೆಯೇ ನಿಲ್ಲುತ್ತದೆ. ಓಲೆಕಟ್ಟಿನಲ್ಲಿ ಮೊದಲು ಸವೆಯುವುದು ಎರಡು ತುದಿಗಳೇ ಎಂಬುದು ಕಟ್ಟು ಬಿಚ್ಚಿ ನೋಡಿದ ಎಲ್ಲರಿಗೂ ಗೊತ್ತು. ಕವಿಯ ಹೆಸರು, ಆಶ್ರಯದಾತನ ಹೆಸರು, ಮೂಲಗ್ರಂಥದ ಸ್ಮರಣೆ, ಲಿಪಿಕಾರನ ಅಂಕಿತ ಎಲ್ಲ ಇರುವುದು ಆ ತುದಿಗಳಲ್ಲಿಯೇ. ಕಥೆ ಉಳಿಯಿತು, ಕಥೆಯ ವಂಶಾವಳಿ ಹೋಯಿತು. ದುರ್ವಿನೀತನ ಪ್ರಶ್ನೆ ಇಂದಿಗೂ ತೀರ್ಮಾನವಾಗದಿರುವುದಕ್ಕೆ ಇದೂ ಒಂದು ಕಾರಣವೆನ್ನಬಹುದು.

ಕೊಂಗುನಾಡಿಗೂ ಗಂಗವಾಡಿಗೂ ನಡುವೆ ಜನರ ಓಡಾಟ ಇತ್ತೆಂಬುದಕ್ಕೆ ವಿಜಯಮಂಗಲದ ಬಸದಿಯಲ್ಲಿಯೇ ಸಾಕ್ಷಿಯಿದೆ. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನ ತಂಗಿ ಪುಳಿಯಬ್ಬೆ ಅಲ್ಲಿ ಸಲ್ಲೇಖನದಿಂದ ಮುಡಿಪಿದಳೆಂದು ಅಲ್ಲಿನ ಬರಹದಿಂದ ತಿಳಿಯುತ್ತದೆ. ಅಣ್ಣ ಕನ್ನಡದಲ್ಲಿ ಪುರಾಣ ಬರೆದ. ತಂಗಿಯ ನಿಸಿಧಿ ತಮಿಳುನೆಲದಲ್ಲಿದೆ. ತಮಿಳು ಶಾಲೆಗಳಲ್ಲಿ ಇಂದಿಗೂ ಹೆಸರಿರುವ 'ನನ್ನೂಲ್' ವ್ಯಾಕರಣವನ್ನು ಜೈನನಾದ ಭವಣಂದಿಯಿಂದ ಬರೆಯಿಸಿದವನು ಸೀಯಗಂಗ, ಕುವಳಾಲಪುರದ ಒಡೆಯನೆಂಬ ಬಿರುದಿನ ಗಂಗ ಸಾಮಂತ, ಮೂರನೆಯ ಕುಲೋತ್ತುಂಗ ಚೋಳನ (1178-1218) ಕಾಲದವನು. ಕುವಳಾಲ ನಮ್ಮ ಕೋಲಾರ. ಕೆಲವೇ ದಶಕಗಳ ನಂತರ, ಸುಮಾರು 1260ರಲ್ಲಿ, ಇನ್ನೊಬ್ಬ ಜೈನ ಕೇಶಿರಾಜ ಕನ್ನಡದಲ್ಲಿ 'ಶಬ್ದಮಣಿದರ್ಪಣ' ಬರೆದ. ಈ ಎರಡು ವ್ಯಾಕರಣಗಳನ್ನು ಒಂದೇ ಮೇಜಿನ ಮೇಲಿಟ್ಟು ಓದುವ ಅಭ್ಯಾಸ ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಬೇರೂರಲೇ ಇಲ್ಲ.

5

ಈಗ ಅಯ್ಯರ್ ಅವರ ಸಂಪಾದನೆಯ ಗುಣದೋಷಗಳನ್ನು ನೋಡಬೇಕು. ಅವರ ಪೀಠಿಕೆಗಳು ಅಪೂರ್ವವಾದವು. ಯಾವ ಮಠ, ಯಾವ ಮನೆ, ಯಾರ ಕೈಯಿಂದ ಓಲೆ ಬಂತು ಎಂದು ಋಣ ಸಂದಾಯ ಮಾಡುವಂತೆ ಬರೆಯುತ್ತಾರೆ. ವ್ಯಾಖ್ಯಾನದಲ್ಲಿ ಬರುವ ಗ್ರಂಥಗಳ ಪಟ್ಟಿ ಮಾಡುತ್ತಾರೆ. ಕವಿ, ವ್ಯಾಖ್ಯಾನಕಾರ, ಆಶ್ರಯದಾತರನ್ನು ಕುರಿತು ಸಿಕ್ಕಿದ ಚೂರುಗಳನ್ನೆಲ್ಲ ಕೂಡಿಡುತ್ತಾರೆ. 'ಗ್ರಂಥಚರಿತ್ರೆ' ಎಂಬ ಹೆಸರು ರೂಢಿಗೆ ಬರುವ ಮೊದಲೇ ಅವರು ಆ ಕೆಲಸ ಮಾಡಿದ್ದರು.

ಆದರೆ ಅಡಿಟಿಪ್ಪಣಿಗೆ ಇಳಿದರೆ ನಿರಾಸೆಯಾಗುತ್ತದೆ. ಪಾಠಾಂತರಗಳನ್ನು ಅವರು 'ಪ್ರತಿಭೇದ' ಎಂಬ ಸಂಕ್ಷೇಪದಡಿ ಕೊಡುತ್ತಾರೆ. ಯಾವ ಪಾಠ ಯಾವ ಓಲೆಯದೆಂದು ಒಂದೊಂದಾಗಿ ಗುರುತಿಸುವ ಪದ್ಧತಿ ಅವರದಲ್ಲ. ಇದು ಸಣ್ಣ ಮಾತಲ್ಲ. ತಮಿಳು ಓಲೆಗಳಲ್ಲಿ ಪುಳ್ಳಿ ಎಂಬ ಚುಕ್ಕೆಯನ್ನು ಲಿಪಿಕಾರರು ಸಾಮಾನ್ಯವಾಗಿ ಇಡುತ್ತಿರಲಿಲ್ಲ. ಕಂಠದ ಮೊನೆ ಊರಿದರೆ ಗರಿ ತೂತಾಗುತ್ತದೆ. ಚುಕ್ಕೆ ಇಲ್ಲದಿದ್ದರೆ ವ್ಯಂಜನ ಸ್ವರಸಹಿತವೋ ರಹಿತವೋ ತಿಳಿಯದು. ಎಕಾರ ಒಕಾರಗಳು ಹ್ರಸ್ವವೋ ದೀರ್ಘವೋ ಗೊತ್ತಾಗದು. ಹಳಗನ್ನಡದ ಬರಹದಲ್ಲಿಯೂ ಹಳೆಯ ಮಲಯಾಳಂ ಬರಹದಲ್ಲಿಯೂ ಎ-ಏ, ಒ-ಓಗಳ ಗೊಂದಲ ಇದ್ದದ್ದೇ. ಅಂದರೆ ಓಲೆಯನ್ನು ಓದುವುದೆಂದರೆ ಪ್ರತಿ ಸಾಲಿನಲ್ಲೂ ತೀರ್ಪು ಕೊಡುವುದು. ತೀರ್ಪು ಕೊಟ್ಟವರು ಸಾಕ್ಷಿಯನ್ನು ಹೆಸರಿಸದಿದ್ದರೆ ಮುಂದಿನವನು ಮರುವಿಚಾರಣೆ ಮಾಡುವುದು ಹೇಗೆ? ಅಯ್ಯರ್ ಅವರ ತೀರ್ಪು ಬಹುಮಟ್ಟಿಗೆ ಸರಿಯಾಗಿದ್ದಿರಬೇಕು. ಆದರೂ ನಾವು ಅದನ್ನು ಒಪ್ಪುವುದು ಅವರ ಮೇಲಿನ ಗೌರವದಿಂದಲೇ ಹೊರತು ಪರೀಕ್ಷೆಯಿಂದಲ್ಲ.

ಕನ್ನಡದಲ್ಲಿ ಈ ವಿಷಯಕ್ಕೆ ಶಾಸ್ತ್ರರೂಪ ಕೊಟ್ಟವರು ಮೈಸೂರು ವಿಶ್ವವಿದ್ಯಾನಿಲಯದ ಪ್ರೊ. ಡಿ. ಎಲ್. ನರಸಿಂಹಾಚಾರ್ (1906-1971). 1949ರಲ್ಲಿ ಅವರ 'ವಡ್ಡಾರಾಧನೆ' ಬಂತು. 1964ರಲ್ಲಿ 'ಕನ್ನಡ ಗ್ರಂಥಸಂಪಾದನೆ'. ದುರ್ವಿನೀತನ ವಡ್ಡಕಥೆಯಲ್ಲಿಯೂ ಈ ವಡ್ಡಾರಾಧನೆಯಲ್ಲಿಯೂ ಇರುವ 'ವಡ್ಡ' ಶಬ್ದದ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ನಡೆದಿದೆ. ಪ್ರತಿಗಳಿಗೆ ಅಕ್ಷರಸಂಕೇತ ಕೊಡುವುದು, ಅವುಗಳ ವಂಶವೃಕ್ಷ ಕಟ್ಟುವುದು, ಲಿಪಿಕಾರನ ಕೈತಪ್ಪುಗಳನ್ನು ವರ್ಗ ಮಾಡುವುದು, ಕಠಿಣಪಾಠಕ್ಕೆ ಮನ್ನಣೆ ಕೊಡುವುದು ಮುಂತಾದ ಶಿಸ್ತು ಕನ್ನಡಕ್ಕೆ ಅವರಿಂದ ನೆಲೆಯಾಯಿತು. 1972ರಲ್ಲಿ ಎಂ. ಎಂ. ಕಲಬುರ್ಗಿಯವರ 'ಕನ್ನಡ ಗ್ರಂಥಸಂಪಾದನಶಾಸ್ತ್ರ' ಅದನ್ನು ಮುಂದುವರಿಸಿತು. ಈ ಶಿಸ್ತಿನ ಮುಂದೆ ಅಯ್ಯರ್ ಅವರ ಅಡಿಟಿಪ್ಪಣಿ ಬಡವಾಗಿ ಕಾಣುತ್ತದೆ.

ನಮ್ಮ ಶಿಸ್ತಿಗೂ ಒಂದು ಬೆಲೆ ತೆರಬೇಕಾಯಿತು. ಕನ್ನಡದ ಸಂಪಾದಿತ ಆವೃತ್ತಿಗಳನ್ನು ತೆರೆದರೆ ಓಲೆ ಒಂದು ಅಕ್ಷರವಾಗಿ ಇಳಿದುಹೋಗಿರುತ್ತದೆ: ಕ ಪ್ರತಿ, ಗ ಪ್ರತಿ, ಚ ಪ್ರತಿ. ಅಳತೆ, ಗರಿಗಳ ಸಂಖ್ಯೆ, ಪುಟಕ್ಕಿಷ್ಟು ಸಾಲು ಎಂಬಲ್ಲಿಗೆ ಬಹುಪಾಲು ವಿವರಣೆ ಮುಗಿಯುತ್ತದೆ. ಅದು ಯಾವ ಮನೆಯಲ್ಲಿತ್ತು, ಯಾವ ನೋಂಪಿಗೆ ಯಾವ ಹೆಂಗಸು ಬರೆಯಿಸಿ ದಾನ ಕೊಟ್ಟಳು, ಯಾರು ಓದುತ್ತಿದ್ದರು ಎಂಬುದೆಲ್ಲ ಪಾಠನಿರ್ಣಯಕ್ಕೆ ಬೇಡದ ಸಂಗತಿಯೆಂದು ಬದಿಗೆ ಸರಿಯಿತು. ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಯನ್ನು ದಾನಚಿಂತಾಮಣಿಯೆಂದು ಕೊಂಡಾಡುತ್ತೇವೆ. ಆ ಸಾವಿರ ಕಟ್ಟುಗಳಿಗೆ ಬೇಕಾದ ಗರಿಗಳನ್ನು ಯಾರು ಹದ ಮಾಡಿದರು, ಎಷ್ಟು ಕೈಗಳು ಎಷ್ಟು ತಿಂಗಳು ಕೊರೆದವು, ಅವು ಯಾವ ದಾರಿ ಹಿಡಿದು ಯಾವ ಊರು ಸೇರಿದವು ಎಂದು ಕೇಳುವುದು ಕಡಿಮೆ. ಭಕ್ತಿಯ ಪ್ರಶ್ನೆ ಕೇಳಿದ್ದೇವೆ, ಪಾಠದ ಪ್ರಶ್ನೆ ಕೇಳಿದ್ದೇವೆ; ದುಡಿಮೆಯ ಪ್ರಶ್ನೆ ಬಾಕಿ ಉಳಿದಿದೆ.

ಒಟ್ಟಿನಲ್ಲಿ, ಅಯ್ಯರ್ ಅವರ ಪೀಠಿಕೆಗೆ ಡಿ.ಎಲ್.ಎನ್. ಅವರ ಅಡಿಟಿಪ್ಪಣಿ ಸೇರಿದ ಆವೃತ್ತಿ ನಮಗೆ ಬೇಕು. ಇಬ್ಬರ ಪದ್ಧತಿಯೂ ತಮ್ಮ ತಮ್ಮ ಭಾಷೆಯ ಬೇಲಿಯೊಳಗೆ ಬೆಳೆದದ್ದರಿಂದ ಒಂದು ಇನ್ನೊಂದನ್ನು ತಿದ್ದುವ ಅವಕಾಶ ಬರಲಿಲ್ಲ. ಪೊಪ್ಪಣ್ಣ ಗಾಂಗೇಯನ ಹೆಸರು ತಮಿಳಿನಲ್ಲಿ ಪೀಠಿಕೆಯ ಒಂದು ಸಾಲಾಗಿ ನಿಂತಿತು. ಗಂಗರ ಚರಿತ್ರೆ ಬರೆಯುವ ಕನ್ನಡಿಗರಿಗೆ ಆ ಪೀಠಿಕೆಯನ್ನು ಓದುವ ಅಗತ್ಯ ಕಾಣಲಿಲ್ಲ.

6

ಕಾಸರಗೋಡಿನವರು ಇದನ್ನೆಲ್ಲ ಏಕೆ ಯೋಚಿಸಬೇಕು? ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು. ಅದೇ ದಿನ ದಕ್ಷಿಣ ಕನ್ನಡದ ಕಾಸರಗೋಡು ಕೇರಳಕ್ಕೆ ಹೋಯಿತು. ಗಡಿ ಎಳೆದವರು ಊರುಗಳನ್ನು ಎಣಿಸಿದರು, ಓಲೆಗಳನ್ನಲ್ಲ. ನಮ್ಮ ಅಟ್ಟಗಳಲ್ಲಿ ಉಳಿದದ್ದು ಹಲವು ಲಿಪಿಗಳ ಕಟ್ಟುಗಳು. ಅವುಗಳಲ್ಲಿ ತಿಗಳಾರಿ ಅಥವಾ ತುಳುಲಿಪಿಯವು ಬಹಳ. ಆ ಲಿಪಿಯೂ ಮಲಯಾಳಂ ಲಿಪಿಯೂ ಗ್ರಂಥಲಿಪಿಯ ಒಂದೇ ಬೇರಿನವು. ನೋಟಕ್ಕೆ ಅಷ್ಟೊಂದು ಹೋಲಿಕೆಯಿರುವುದರಿಂದ 'ಅದು ಮಲಯಾಳ' ಎಂದು ಕನ್ನಡಿಗರು ಪಕ್ಕಕ್ಕಿಟ್ಟರು. ಕೂಡಿಸಿ ಓದಲು ಹೊರಟ ಮಲಯಾಳಿಗಳಿಗೆ ಭಾಷೆ ತಿಳಿಯಲಿಲ್ಲ. ಒಳಗೆ ಇದ್ದದ್ದು ತುಳು. ಕಾಸರಗೋಡು ಸೀಮೆಯ ಅಧ್ಯಾಪಕರಾಗಿದ್ದ ವೆಂಕಟರಾಜ ಪುಣಿಂಚತ್ತಾಯರು (ನಿಧನ 2012) ಆ ಕಟ್ಟುಗಳನ್ನು ಬಿಚ್ಚಿ ಓದಿ, ವಿಷ್ಣುತುಂಗನ 'ಶ್ರೀ ಭಾಗವತೊ', 'ಕಾವೇರಿ', ಅರುಣಾಬ್ಜನ 'ಮಹಾಭಾರತೊ' ಮೊದಲಾದವನ್ನು ಬೆಳಕಿಗೆ ತರುವವರೆಗೆ ತುಳುವಿಗೆ ಪ್ರಾಚೀನ ಕಾವ್ಯವಿಲ್ಲವೆಂದೇ ನಂಬಿಕೆಯಿತ್ತು. ಒಂದು ಭಾಷೆಯ ಹಿರಿಮೆ ಲಿಪಿಯ ತಪ್ಪು ಗುರುತಿನಿಂದಾಗಿ ಶತಮಾನಗಳ ಕಾಲ ಅಟ್ಟದಲ್ಲಿ ಮಲಗಿತ್ತು.

ಮಲಯಾಳಂ ಓದುಗರಿಗೂ ಇಂಥದೇ ಉದಾಹರಣೆಯಿದೆ. ನೆರೆಯ ಪಯ್ಯನ್ನೂರಿನ ಹೆಸರು ಹೊತ್ತ 'ಪಯ್ಯನ್ನೂರ್ ಪಾಟ್ಟು' ಹರ್ಮನ್ ಗುಂಡರ್ಟ್ ಅವರ ಸಂಗ್ರಹದೊಡನೆ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾನಿಲಯ ಸೇರಿತ್ತು. ಅಲ್ಲಿಂದ ಅದನ್ನು ಮತ್ತೆ ಕೇರಳದ ಓದಿಗೆ ತಂದವರಲ್ಲಿ ಮಲಯಾಳಂ ಪ್ರಾಧ್ಯಾಪಕ ಸ್ಕರಿಯಾ ಸಕ್ಕರಿಯಾ ಪ್ರಮುಖರು. 1990ರ ದಶಕದಲ್ಲಿ ಅದು ಅಚ್ಚಾಯಿತು. ಊರಿನ ಪಾಡು ಊರಿಗೆ ಬರಲು ಯುರೋಪನ್ನು ಸುತ್ತಿ ಬರಬೇಕಾಯಿತು.

ಈಗ ಓಲೆಗಳನ್ನು ಗಣಕಕ್ಕೆ ಏರಿಸುವ ಕಾಲ. 2024ರಲ್ಲಿ ತುಳು-ತಿಗಳಾರಿ ಲಿಪಿಗೆ ಯೂನಿಕೋಡಿನಲ್ಲಿ ಸ್ಥಾನ ದೊರೆತಿದೆ. ಇದು ಸಂತೋಷದ ಸುದ್ದಿ. ಆದರೆ ಚಿತ್ರ ತೆಗೆಯುವವರು ಗರಿಯ ಚಿತ್ರವನ್ನು ಮಾತ್ರ ತೆಗೆದು ಮನೆಯ ಹೆಸರು, ಕಟ್ಟಿನ ಹಗ್ಗ, ಹಲಗೆಯ ಮೇಲಿನ ಗೀಚು, ಅದರ ಜೊತೆಗಿದ್ದ ಬೇರೆ ಕಟ್ಟುಗಳ ವಿವರ ಬರೆದಿಡದಿದ್ದರೆ, 'ಪೆರುಂಕಥೈ'ಯ ಓಲೆಗೆ ಆದ ಗತಿಯನ್ನು ನಾವೇ ಕೈಯಾರೆ ತಂದುಕೊಂಡಂತೆ. ಕಥೆ ಉಳಿಯುತ್ತದೆ, ತುದಿಗಳು ಹೋಗುತ್ತವೆ. ಗೆದ್ದಲು ತಿನ್ನಲು ಶತಮಾನ ಬೇಕಾಯಿತು. ನಮ್ಮ ಅವಸರಕ್ಕೆ ಒಂದು ಮಧ್ಯಾಹ್ನ ಸಾಕು.

ಆದ್ದರಿಂದ ಕನ್ನಡ ಮತ್ತು ಮಲಯಾಳಂ ವಿಭಾಗಗಳ ಅಧ್ಯಾಪಕರು ಒಂದು ಕೆಲಸವನ್ನಾದರೂ ಕೂಡಿ ಮಾಡಬೇಕೆಂದು ನನ್ನ ಅಭಿಪ್ರಾಯ: ಒಂದು ಸೀಮೆಯನ್ನು ಆರಿಸಿಕೊಂಡು, ಅಲ್ಲಿನ ಓಲೆಗಳನ್ನು ಭಾಷೆ ನೋಡದೆ ಮನೆವಾರು ಪಟ್ಟಿ ಮಾಡುವುದು. ಪಟ್ಟಿಯಲ್ಲಿ ಪಂಚಾಂಗವೂ ಇರಲಿ, ಮದ್ದಿನ ಓಲೆಯೂ ಇರಲಿ, ಭೂಮಿಯ ಲೆಕ್ಕವೂ ಇರಲಿ, ಕಾವ್ಯವೂ ಇರಲಿ. ಯಾವುದು ಯಾರ ಸಾಹಿತ್ಯ ಎಂಬ ವ್ಯಾಜ್ಯವನ್ನು ಆಮೇಲೆ ನಡೆಸಬಹುದು. ಕಾಂಗೇಯನಾಡಿನ ಒಡೆಯ ತನ್ನ ಆಶ್ರಿತನಿಗೆ ಅನ್ನ ಹಾಕುವಾಗ ಬರೆಯುವ ಗ್ರಂಥ ತನ್ನ ಕುಲದ ನುಡಿಯದೋ ಎಂದು ಕೇಳಿದಂತೆ ಕಾಣುವುದಿಲ್ಲ.